ಚಕ್ಕುಬಂದಿ

"ವಿಷಮ ಉಂಟೋ?" ಎಂದಳು ಡಾಕ್ಟರು,
ಪಯ್ಯನ್ನೂರಿನ ಹುಡುಗಿ, ಕಣ್ಣ ಕೆಳಗೆ ರಾತ್ರಿಪಾಳಿಯ ಕಪ್ಪು.
ಇಲ್ಲ, ಮೈ ತಣ್ಣಗೇ ಉಂಟು ಎಂದೆ.
ಅವಳ ಭಾಷೆಯಲ್ಲಿ ಅದು ದುಃಖ,
ನನ್ನದರಲ್ಲಿ ಜ್ವರ.
ಕಾಗದದ ಮೇಲಾದರೆ ಗೊತ್ತಾಗುತ್ತಿತ್ತು.
ಇಪ್ಪತ್ತಾರು ವರ್ಷ ಕಾಸರಗೋಡಿನ ರಿಜಿಸ್ಟ್ರಾರ್ ಕಚೇರಿಯೆದುರು
ಕನ್ನಡದ ಗದ್ದೆಯನ್ನು ಮಲಯಾಳದ ವಯಲು ಮಾಡಿ
ಊರಿಗೆಲ್ಲ ಆಧಾರ ಬರೆದುಕೊಟ್ಟವನು
ಒಂದು ಪದಕ್ಕೆ ಎಡವಿ ಕೂತಿದ್ದೆ, ಸ್ಟೂಲಿನ ಮೇಲೆ.

ಚೀಟಿಯ ಹಿಂದೆ ಅವಳು ಚಿತ್ರ ಬಿಡಿಸಿದಳು:
ಎರಡು ಕವಲು, ನಡುವೆ ಓಣಿ, ದಾಟುವ ಚುಕ್ಕಿಗಳು.
ಸೆರೊಟೋನಿನ್.
ಚುಕ್ಕಿ ಕಮ್ಮಿಯಾದರೆ ಹೀಗಾಗಬಹುದಂತೆ,
ಅಷ್ಟು ಸರಳವೂ ಅಲ್ಲವಂತೆ.
ಬೆಳಗಿನ ಬಿಸಿಲು, ನಡಿಗೆ, ನಿದ್ದೆ, ಯಾರ ಹತ್ತಿರವಾದರೂ ಮಾತು.
ಮಾತ್ರೆ ಬೇಕೋ ನೋಡುವ, ಮೂರು ವಾರ ಬಿಟ್ಟು ಬನ್ನಿ.
ಬಾಳೆಹಣ್ಣು? ಎಲ್ಲೋ ಓದಿದ್ದೆ, ಕೇಳಿದೆ.
ನಕ್ಕಳು: ತಿನ್ನಿ, ಹಸಿವಿಗೆ ಒಳ್ಳೆಯದು.

ರಾತ್ರಿ, ಅಭ್ಯಾಸಬಲ, ಬರೆಯಕೂತೆ:
ಸದರಿ ದುಃಖಕ್ಕೆ ಪೂರ್ವದಲ್ಲಿ ರೈಲುಹಳಿ,
ಪಶ್ಚಿಮದಲ್ಲಿ ಸಮುದ್ರ,
ಉತ್ತರಕ್ಕೆ ತಲಪಾಡಿಯ ಗೇಟು,
ದಕ್ಷಿಣಕ್ಕೆ ಚಂದ್ರಗಿರಿ ಹೊಳೆ.
ಒಟ್ಟು ವಿಸ್ತೀರ್ಣ, ಸೆಂಟ್ಸಿನಲ್ಲಿ...
ಪೆನ್ನು ಅಲ್ಲೇ ನಿಂತಿತು.
ಬರೆದುಕೊಟ್ಟವರ ಹೆಸರೂ ತಿಳಿಯದು,
ಸಾಕ್ಷಿ ಹಾಕುವವರೂ ಇಲ್ಲ.

ಆರೂವರೆಗೆ ಕೋಯಿಪ್ಪಾಡಿ ಕಡಪ್ಪುರ.
ಮೊದಲ ದಿನ ಬಿಸಿಲು ಬಿಸಿಲಿನ ಹಾಗಿತ್ತು, ಅಷ್ಟೇ.
ಮರುದಿನ ಮೋಡ.
ಆಮೇಲೆ ಎಷ್ಟೋ ದಿನ ಚಪ್ಪಲಿಯೊಳಗಿನ ಮರಳು ಮಾತ್ರ.
ಒಂಬತ್ತನೆಯ ದಿನ ಬಲೆ ಕೊಡವುತ್ತಿದ್ದ ಸೇಸಪ್ಪಣ್ಣ
"ನೀವು ಆ ಬರೆಯುವವರಲ್ವಾ ಮಾರಾಯ್ರೆ?" ಎಂದು ತಡೆದ.
ದಾರಿದೀಪ ಹಗಲೆಲ್ಲ ಉರೀತದೆ, ಕತ್ತಲಾದರೆ ಆರ್ತದೆ,
ಪಂಚಾಯತಿಗೆ ಒಂದು ಅರ್ಜಿ ಬೇಕು.

ಕಿಸೆಯಲ್ಲಿ ಕದಳಿಹಣ್ಣು ಅಪ್ಪಚ್ಚಿ.
ಡಾಕ್ಟರ ಚುಕ್ಕಿಗಳೆಲ್ಲ ಅಂಟು ಅಂಟು.
ಆ ಚೀಟಿಯ ಒಣಗಿದ ಮೂಲೆಯಲ್ಲೇ ಶುರುಮಾಡಿದೆ,
ದೋಣಿಯ ಅಂಚಿಗೆ ಕಾಗದವೊತ್ತಿ:
ಮಾನ್ಯರೇ, ನಮ್ಮಲ್ಲಿ ಬೆಳಕಿಲ್ಲವೆಂದಲ್ಲ,
ಅದಕ್ಕೆ ಹೊತ್ತು ತಪ್ಪಿದೆ.

ಓದಿ ಹೇಳಿದಾಗ ಸೇಸಪ್ಪಣ್ಣ ತಲೆ ಕೆರೆದ,
"ಇದು ಮಲಯಾಳದಲ್ಲಿ ಸರಿ ಬರ್ತದಾ?"
ಬರ್ತದೆ ಎಂದೆ. ನಗು ಬಂತು,
ಯಾಕೆಂದು ಅವನಿಗೂ ತಿಳಿಯಲಿಲ್ಲ, ಅವನೂ ನಕ್ಕ,
ಫೀಸೆಂದು ಎಂಟು ಬಂಗುಡೆ ಕೊಟ್ಟ.
ಬೆನ್ನ ಮೇಲೆ ಬಿಸಿಲು ಯಾವಾಗ ಬಂದಿತ್ತೋ.

ಮೂರು ವಾರಕ್ಕೆ ಇನ್ನೂ ಹನ್ನೆರಡು ದಿನ.
ಹೋಗಬೇಕು.
ಚೀಟಿ ಮೀನು ನಾರುತ್ತದೆ.