ಕ್ಯಾತಮಾರನಹಳ್ಳಿಯಲ್ಲಿ ಸೈಲೆನ್ಸರ್ ರಿಪೇರಿ

ಬೆಟ್ಟ ಹತ್ತುವಾಗ ಏನೂ ಇಲ್ಲ.
ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟ ಕೂಡಲೇ
ಫಟ್.
ತಿರುವಿಗೊಂದು ಫಟ್, ತಿರುವಿಲ್ಲದ ಕಡೆಯೂ ಒಂದು.
ನಂದಿಯ ಹತ್ತಿರ ಕೋತಿಯೊಂದು
ಯಾರದೋ ಕೈಯಿಂದ ಕಿತ್ತ ಬಾಳೆಹಣ್ಣನ್ನು
ನನ್ನ ಮೇಲೇ ಬಿಸಾಕಿ ಮರ ಹತ್ತಿತು.
ಹಿಂದೆ ಕೂತ ಸುಲೋಚನ
"ಜನ ನೋಡ್ತಿದಾರೆ ಕಣ್ರೀ" ಅಂದಳು.
ನೋಡಲಿ ಅಂತಲೇ ಅಲ್ಲವೆ ಕೊಂಡದ್ದು?

ಗುಂಡು ದೀಪ, ಹಲಸಿನ ತೊಳೆಯ ಹಾಗಿರುವ ಟ್ಯಾಂಕು,
ಅದರ ಮೇಲೆ ಕುಂಚದಲ್ಲಿ ಎಳೆದಂಥ ಚಿನ್ನದ ಗೆರೆ.
ಕುಂಚವಲ್ಲ, ಸ್ಟಿಕ್ಕರ್.
ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಓಡಿಸುತ್ತಿದ್ದ ಗಾಡಿಯ ತದ್ರೂಪು.
ಹುಟ್ಟಿ ಎರಡೂವರೆ ವರ್ಷ,
ಕಂತು ಇನ್ನೂ ಹದಿನೆಂಟು ತಿಂಗಳು.

ಮಾಯಾಚಾರಿ ಗಾಡಿಗೆ ಒಂದು ಸುತ್ತು ಬಂದ.
ಬಾಯಲ್ಲಿ ಬೀಡಿ ಇತ್ತು, ಹಚ್ಚಿರಲಿಲ್ಲ.
"ತಾತನ ಕೋಟು ಹಾಕ್ಕೊಂಡ ಮೊಮ್ಮಗ" ಅಂದ.
ಆಮೇಲೆ ನನ್ನ ಮೀಸೆ ನೋಡಿದ.
ಭಾನುವಾರ ತಾನೇ ಬಳಿದುಕೊಂಡದ್ದು,
ಕಿವಿಯ ಅಂಚಿನಲ್ಲೂ ಒಂದಿಷ್ಟು ಕಪ್ಪು ಉಳಿದಿತ್ತು.
ಏನೂ ಅನ್ನಲಿಲ್ಲ.
ಅನ್ನದೆ ಬಿಟ್ಟದ್ದೇ ಚುಚ್ಚಿತು.

ಗೋಡೆಯ ಪಟದ ಮುಂದೆ ಉರಿಯುತ್ತಿದ್ದ ಎರಡು ಊದುಬತ್ತಿಯಲ್ಲಿ
ಒಂದನ್ನು ಕಿತ್ತು ತಂದ: "ದೇವರಿಗೆ ಒಂದು ಸಾಕು."
ಇಂಜಿನ್ ಗುಡುಗುಡಿಸುತ್ತಿರಲು, ಪೈಪಿನುದ್ದಕ್ಕೂ
ಕೂಸಿಗೆ ದೃಷ್ಟಿ ತೆಗೆಯುವ ಹಾಗೆ ನಿಧಾನ ಆಡಿಸಿದ.
ಹೊಗೆ ನೆಟ್ಟಗೆ ಏರುತ್ತಿತ್ತು, ನೆಟ್ಟಗೆ, ನೆಟ್ಟಗೆ,
ಹೆಡ್ಡಿಗೆ ಪೈಪು ಸೇರುವ ಕುತ್ತಿಗೆಯಲ್ಲಿ
ಥಟ್ಟನೆ ತಲೆ ಕೊಡವಿತು.
"ಇಲ್ಲವ್ನೆ ಕಳ್ಳ."

ಅಲ್ಲೇ ನನ್ನ ಪೇಸ್ಟೂ ಇತ್ತು,
ತಳ ಹಿಡಿದ ಅನ್ನದ ಹಾಗೆ ಕರಕಲಾಗಿ.
ಉಗುರಿನಿಂದ ಎಬ್ಬಿಸಿ, "ಇದ್ಯಾರ ಕೆಲಸ?"
"ಯಾರೋ ಮೆಕ್ಯಾನಿಕ್" ಅಂದೆ.
"ಮೆಕ್ಯಾನಿಕ್ ಅಲ್ಲ, ಬಣ್ಣ ಬಳಿಯೋ ಕೈ."

ಇಂಜಿನ್ ಆರಲೆಂದು ಕೂತೆವು. ಟೀ ಬಂತು, ಕೆನೆ ಕಟ್ಟಿತು.
ಎದುರಿನ ಹಿಟ್ಟಿನ ಗಿರಣಿಯಲ್ಲಿ
ಯಾರದೋ ರಾಗಿ ಬೀಳುತ್ತಲೇ ಇತ್ತು.
ನಟ್ಟು ಬಿಚ್ಚಿ, ಪೈಪು ಎಳೆದು, ಒಳಗಿಂದ
ಚಿಂದಿಯಾದ ಗ್ಯಾಸ್ಕೆಟ್ ಹೆರೆದು ತೆಗೆದ.
ತುಕ್ಕು ಹಿಡಿದ ಬಿಸ್ಕತ್ ಡಬ್ಬಿಯಲ್ಲಿ ಕೆದಕಿ ಕೆದಕಿ
ಒಂದು ತಾಮ್ರದ ಉಂಗುರ ಎತ್ತಿದ.
"ರೇಷ್ಮೆ ಇಲಾಖೆ ಇನ್ಸ್‌ಪೆಕ್ಟರೊಬ್ಬರ ಗಾಡೀದು.
ಎಂಬತ್ತೊಂಬತ್ತನೇ ಇಸವಿ. ಅಳತೆ ಸರಿ ಕೂರುತ್ತೆ."

ಹಳೇದಾ, ಅಂತ ಮುಖ ಮಾಡಿರಬೇಕು ನಾನು.
ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದ,
ಕೆಂಪಾಗಿ, ಕೆಂಪು ತೆಳುವಾಗಿ ಹೊಳೆಯುವವರೆಗೆ,
ನೀರಿನ ಚೊಂಬಿಗೆ ಬಿಟ್ಟ.
ಚೊಂಯ್.
"ಉಕ್ಕನ್ನ ಕಾಸಿ ಅದ್ದಿದ್ರೆ ಸೆಟ್ಕೋತದೆ.
ತಾಮ್ರ ಹಂಗಲ್ಲ. ಬೆಂದ ಮೇಲೆ ಮೆತ್ತಗೆ.
ನಮ್ಮ ತಾತ ಹಂಡೆ ಬಡಿಯೋರು, ಸಾರ್.
ಬಡಿದಷ್ಟೂ ಹಟ ಮಾಡ್ತದೆ ಅಂತ
ನಡುನಡುವೆ ಒಲೆಗೆ ಹಾಕಿ ಸಮಾಧಾನ ಮಾಡೋರು."

ನನ್ನ ಅಂಗೈಗೆ ಹಾಕಿದ.
ಎರಡೇ ಬೆರಳಿಗೆ ಬಾಗಿತು.
ಮೂವತ್ತು ವರ್ಷ ಯಾರದೋ ಬೆಂಕಿಯ ಬಾಯಿ ಮುಚ್ಚಿಕೊಂಡು
ಹಳ್ಳಿ ಹಳ್ಳಿ ತಿರುಗಿ ಗೂಡು ಎಣಿಸಿದ್ದು
ಇಷ್ಟು ಹಗುರ.

ಈ ನಟ್ಟು ಅರ್ಧ ಸುತ್ತು, ಆ ನಟ್ಟು ಅರ್ಧ ಸುತ್ತು,
ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಮ್ಮಿ ಆಗದ ಹಾಗೆ.
ಊದುಬತ್ತಿ ಅಷ್ಟರಲ್ಲಿ ಬೂದಿಯಾಗಿತ್ತು.
ಬೀಡಿ ಹಚ್ಚಿದ ಮಾಯಾಚಾರಿ
ಬಗ್ಗಿ ಪೈಪಿನ ಕುತ್ತಿಗೆಗೆ ಹೊಗೆ ಬಿಟ್ಟ.
ಅದು ಎಲ್ಲೂ ತಡವರಿಸದೆ
ತಗಡಿನ ಸೂರಿನವರೆಗೂ ಹೋಯಿತು.
ಇನ್ನೂರು ರೂಪಾಯಿ. ಉಂಗುರಕ್ಕೆ ಏನೂ ಬೇಡ.

ಇರ್ವಿನ್ ರಸ್ತೆಯ ಸಿಗ್ನಲ್ಲಿನಲ್ಲಿ
ಪಕ್ಕದ ಸ್ಕೂಟರಿನ ಹುಡುಗ ಕೇಳಿದ:
"ಸೂಪರ್ ಗಾಡಿ ಅಂಕಲ್, ಎಷ್ಟನೇ ಇಸವೀದು?"
"ಎಂಬತ್ತೊಂಬತ್ತು" ಅಂದೆ.
ಉಂಗುರದ ಮಟ್ಟಿಗೆ ಸುಳ್ಳಲ್ಲ.
ಹುಡುಗ ನಂಬರ್ ಪ್ಲೇಟು ನೋಡಿದ,
ನನ್ನ ಮೀಸೆ ನೋಡಿದ.
ಹಸಿರು ಬಿತ್ತು.