ಟೇಪು ಹಿಡಿದು ರುಸ್ತಾವಿಗೆ

ರುಸ್ತಾವಿಯ ಕಾರು ಸಂತೆಗೆ
ಹೊಲಿಗೆಯ ಟೇಪು ಹಿಡಿದು ಹೋದೆ.
'ಕಾರಿಗೇನು ಅಂಗಿ ಹೊಲೀತೀಯಾ' ಅಂತ ನುಗ್ಜಾರ್ ನಕ್ಕ.
ನಗಲಿ. ನಕ್ಕವನ ಮಂಡಿಯನ್ನೇ ಮೊದಲು ಅಳೆದೆ.

ಏಪ್ರಿಲ್ಲಿನ ಗಾಳಿ. ಕಣ್ಣು ಹಾಯುವವರೆಗೂ ಕಾರು.
ಅಮೆರಿಕದಲ್ಲಿ ಗುದ್ದಿಸಿಕೊಂಡು ಇಲ್ಲಿ ಬಣ್ಣ ಬಳಿಸಿಕೊಂಡವು,
ಜರ್ಮನಿಯಲ್ಲಿ ನಾಯಿ ಹೊತ್ತವು,
ಸೀಟಿನ ಸಂದಿಯಲ್ಲಿ ಇನ್ನೂ ಕೂದಲು.
ಒಂದೊಂದು ಕಾರಿಗೂ ಒಬ್ಬ ಮಾರುವವನು,
ಒಬ್ಬೊಬ್ಬ ಮಾರುವವನಿಗೂ ಒಬ್ಬಳು ಮುದುಕಿ:
ಭಾನುವಾರ ಚರ್ಚಿಗೆ ಮಾತ್ರ ಓಡಿಸುತ್ತಿದ್ದಳಂತೆ.
ಎಷ್ಟೊಂದು ದೈವಭಕ್ತ ಮುದುಕಿಯರಪ್ಪ ಜಗತ್ತಿನಲ್ಲಿ!

ನಮ್ಮ ಲೆಕ್ಕ ಇಷ್ಟೇ.
ನಾನು, ಅವನು, ಅವನಮ್ಮ ತ್ಸಿಯಾಲಾ,
ನಮ್ಮ ಮೂವರು, ಅವರಲ್ಲಿ ಗೊಂಬೋರಿ ಘಾಟಿಯ
ಮೂರನೆಯ ತಿರುವಿಗೆ ತಪ್ಪದೆ ವಾಂತಿ ಮಾಡುವ ಕೊನೆಯವಳು.
ಆರಾಯಿತು.
ಮತ್ತೆ ತೋರ್ನಿಕೆ.

ತೋರ್ನಿಕೆ ನನ್ನ ನಾದಿನಿಯ ಮಗ.
ಅವಳು ಇಟಲಿಯಲ್ಲಿ ಯಾರದೋ ತಾಯಿಗೆ
ಸೂಪು ಕುಡಿಸುತ್ತ ನಾಲ್ಕು ವರ್ಷವಾಯಿತು.
ಹೋದ ವಾರ ಮಾರಿದ ಓಪೆಲ್‌ನಲ್ಲಿ ಇದ್ದದ್ದು ಐದೇ ಸೀಟು.
ಕೊನೆಯವಳು ಅಜ್ಜಿಯ ಮಡಿಲಿಗೆ,
ಇವನು ಡಿಕ್ಕಿಗೆ, ಆಲೂಗಡ್ಡೆ ಮೂಟೆಗೆ ಒರಗಿಕೊಂಡು.
ಪೊಲೀಸ್ ಕಂಡರೆ ಯಾರೂ ಹೇಳಬೇಕಿರಲಿಲ್ಲ,
ತಾನೇ ಬಗ್ಗುತ್ತಿದ್ದ.

ನುಗ್ಜಾರನ ಕಣ್ಣು ಎತ್ತರದ ಕಪ್ಪು ಜೀಪಿನ ಮೇಲೆ.
'ಇದಕ್ಕೂ ಏಳು ಸೀಟು' ಎಂದ, ಎದೆ ಉಬ್ಬಿಸಿ, ತಾನೇ ಹೆತ್ತ ಹಾಗೆ.
ಮೂರನೆಯ ಸಾಲಿಗೆ ತೂರಿ ಟೇಪು ಹಿಡಿದೆ:
ಕಾಲಿಡುವ ಜಾಗ ಹನ್ನೊಂದು ಸೆಂಟಿಮೀಟರು.
'ಅದು ಮಕ್ಕಳಿಗೆ ಅಕ್ಕಾ' ಅಂದ ಮಾರುವವನು.
ನಿಮ್ಮ ಕಡೆ ಮಕ್ಕಳು ಬೆಳೆಯುವುದಿಲ್ಲವೇನಪ್ಪ?

ಆಮೇಲೆ ಸಿಕ್ಕಿತು ಈ ಡೆಲಿಕಾ.
ಬ್ರೆಡ್ಡಿನ ಡಬ್ಬಿಯಂಥ ಮುಖ, ಸ್ಟೀರಿಂಗು ಬಲಕ್ಕೆ,
ಚೆಲುವೆಂದರೆ ಚೂರೂ ಇಲ್ಲ.
ಜಾರುವ ಬಾಗಿಲನ್ನು ಹತ್ತು ಸಲ ಜಾರಿಸಿದೆ,
ಒಂದೇ ಕೈಯಲ್ಲಿ; ಇನ್ನೊಂದರಲ್ಲಿ ಮಗು ಇದೆ ಎಂದುಕೊಂಡು.
ಸೀಟಿನ ಮೇಲೆ ಬಾಟಲಿ ನೀರು ಸುರಿದೆ.
ಮಾರುವವನು ಹೌಹಾರಿದ.
ಬಟ್ಟೆ ಹೀರಲಿಲ್ಲ, ನೀರು ಮುತ್ತಾಗಿ ಉರುಳಿತು.
ಸೊಂಟನೋವಿನ ತ್ಸಿಯಾಲಾ ಯಾರ ಕೈಯನ್ನೂ ಹಿಡಿಯದೆ ಹತ್ತಿದಳು,
ಹತ್ತಿದವಳು ಇಳಿಯಲಿಲ್ಲ.
ಕೀಲಿ ತಿರುಗಿಸಿದರೆ ಒಳಗಿಂದ ಹೆಣ್ಣು ದನಿ,
ಜಪಾನಿ ಭಾಷೆ, ಏನು ಹೇಳಿತೋ!
'ನಿನಗೂ ಒಳ್ಳೆಯದಾಗಲಿ ಮಗಳೇ' ಎಂದಳು ಅತ್ತೆ.

ನುಗ್ಜಾರ್ ಚೌಕಾಸಿಗೆ ನಿಂತ.
ಮೂರು ಸಲ ಮುನಿಸಿಕೊಂಡು ಹೊರಟ.
ಎರಡು ಸಲ ಮಾರುವವನು ಕರೆದ,
ಮೂರನೆಯ ಸಲ ನಾನೇ ಕೂಗಿದೆ.

ತೆಲಾವಿಯ ದಾರಿ. ಕಡೆಯ ಸಾಲಿನ ಎಡಗಡೆ ತೋರ್ನಿಕೆ.
ಬೆಲ್ಟು ಹಾಕಿದ, ಬಿಚ್ಚಿದ, ಹಾಕಿದ. ಕೇಳಿದ:
'ಇದು ನನ್ನದಾ? ಮೂಟೆ ಬಂದರೆ ಮಡಚುವುದಾ?'
ನುಗ್ಜಾರ್ ಗೇರು ಬದಲಿಸಿದ, ಬದಲಿಸುವ ಅಗತ್ಯವಿರಲಿಲ್ಲ.
'ಮೂಟೆ ಮಾಡಿನ ಮೇಲೆ ಕಟ್ಟೋಣ' ಎಂದೆ.

ಘಾಟಿಯ ಬುಡದಲ್ಲಿ ಪೊಲೀಸ್ ಗಾಡಿ, ನೀಲಿ ದೀಪ.
ತಿರುಗಿ ನೋಡಿದೆ.
ಆರು ತಲೆ ಕಂಡವು.

ಪೊಲೀಸಿನವನು ಸೂರ್ಯಕಾಂತಿ ಬೀಜ ಉಗಿಯುತ್ತಿದ್ದ,
ನಮ್ಮತ್ತ ನೋಡಲೂ ಇಲ್ಲ.
ಯಾರೂ ನಗಲಿಲ್ಲ, ದೊಡ್ಡವನು ಕೂಡ.
ನಿಧಾನ ಎದ್ದ ಹುಡುಗ,
ಕಿಟಕಿಯ ಗಾಜಿಗೆ ಹಣೆ ಒತ್ತಿದ, ಅಲ್ಲೇ ಇಟ್ಟುಕೊಂಡ.

ಮೂರನೆಯ ತಿರುವು ಬಂತು.
ಸೀಟಿನ ಬಟ್ಟೆ ಕೊಟ್ಟ ಮಾತು ಉಳಿಸಿಕೊಂಡಿತು.