ಎಲೆ ತಗುಲಿದ ಹಾಗೆ

ಬೆಳಗಿನ ನಾಲ್ಕೂವರೆ. ರೇನಿ ಸರೋವರದ ದಡ.
ಇರ್ಯಾ ಸಾಲ್ಮೆಲಾಳ ಮೀನೆರೆಯ ಅಂಗಡಿಯಲ್ಲಿ ಒಂದೇ ದೀಪ,
ಹಳೆಯ ಫ್ರಿಜ್ಜಿನ ಗುರುಗುರು.
ಬರಿಗೈಯಲ್ಲಿ ಜಿಗಣೆ ಎಣಿಸುತ್ತಾಳೆ ಆಕೆ,
ಡಜನ್ನಿಗೆ ಹದಿಮೂರು,
ಹೊಸಬರಿಗೆ ಹದಿನಾಲ್ಕು, ಹೇಗೂ ಕಳಕೊಳ್ಳುತ್ತಾರೆಂದು.

"ವಾಲೈ ಬೇಕೋ, ಬಾಸ್ ಬೇಕೋ? ಮೊದಲು ಅದನ್ನು ಹೇಳು.
ಎರಡೂ ಬೇಕೆಂದವರು ಸಂಜೆ
ಬರೀ ಬಿಸಿಲು ಹಿಡಿದುಕೊಂಡು ಬರುತ್ತಾರೆ.

ಬಾಸ್ ಸುಲಭ. ಅದು ಜಗಳಗಂಟ.
ನೀರು ಕನ್ನಡಿಯಾಗಿದ್ದಾಗ ಬಂಡೆಗಳ ಸೆರಗಿಗೆ
ತೇಲುವ ಪಾಪರ್ ಎಸೆ. ಎಸೆದು ಸುಮ್ಮನಿರು.
ಉಂಗುರಗಳೆಲ್ಲ ಅಳಿಸಿಹೋಗಲಿ, ಕೊನೆಯದೂ.
ಕೈ ತುರಿಸುತ್ತದೆ. ತುರಿಸಲಿ.
ಆಮೇಲೆ ಒಂದೇ ಒಂದು ಮಿಡಿತ, ಪ್ಳುಕ್.
ಯಾರೋ ಬಾಗಿಲು ಒದ್ದ ಹಾಗೆ ನೀರು ಒಡೆಯುತ್ತದೆ.
ಹಾರಿದಾಗ ಕೋಲಿನ ತುದಿ ನೀರಿಗೆ ಬಾಗಿಸು,
ಇಲ್ಲವೋ ಗಾಳವನ್ನು ನಿನ್ನ ಮುಖಕ್ಕೇ ಉಗಿಯುತ್ತದೆ.
ಬಿಸಿಲೇರಿದರೆ ಟ್ಯೂಬ್ ಕಟ್ಟು, ಸಿಗಡಿಯ ಕಂದುಬಣ್ಣದ್ದು,
ಕಲ್ಲಿನಿಂದ ಕಲ್ಲಿಗೆ ಎಳೆ,
ಕುಂಟುವ ಸಿಗಡಿ ಹೇಗೆ ನಡೆದೀತೋ ಹಾಗೆ.
ಜೂನ್ ಮೊದಲಲ್ಲಿ ಜಲ್ಲಿಯ ತಟ್ಟೆಯ ಮೇಲೆ
ಗಂಡುಮೀನು ಮೊಟ್ಟೆ ಕಾಯುತ್ತಿರುತ್ತದೆ.
ಅಲ್ಲಿ ಎಸೆದೆಯೋ, ನನ್ನ ಅಂಗಡಿಗೆ ಬರಬೇಡ."

ಹುಡುಗ ತಲೆಯಾಡಿಸಿದ.
ಟೋಪಿಯಲ್ಲಿ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

"ವಾಲೈ ಬೇರೆ. ಅದರ ಕಣ್ಣು ನೋಡಿದ್ದೀಯಾ?
ಪೊರೆ ಬಂದ ಮುದುಕಿಯದರಂತೆ, ಹಾಲುಹಾಲು.
ನಂಬಬೇಡ. ನಮಗೆ ಕತ್ತಲಾದಾಗ ಅದಕ್ಕೆ ಹಗಲು.
ಸಂಜೆ ಗಾಳಿ ಬಡಿಯುವ ದಡಕ್ಕೆ ಹೋಗು.
ಎಲ್ಲರೂ ಮರೆ ಹುಡುಕುತ್ತಾರೆ, ನೀನು ಗಾಳಿಗೇ ಹೋಗು.
ಹದಿನೆಂಟು ಅಡಿ, ಮುಳುಗಿದ ದಿಬ್ಬದ ಭುಜ.
ಜಿಗ್ ಸಣ್ಣದು ಸಾಕು, ಹಳದಿ-ಹಸಿರು; ಮೋಡವಿದ್ದರೆ ಕಿತ್ತಳೆ.
ಎರೆಹುಳವೂ ಇದೆ, ಚರ್ಚಿನ ಹುಲ್ಲಂಗಳದ್ದು,
ಪಾದ್ರಿಗೆ ಗೊತ್ತು, ಗೊತ್ತಿಲ್ಲದವರಂತಿದ್ದಾರೆ.
ಆದರೆ ಈ ತಿಂಗಳಿಗೆ ಜಿಗಣೆಯೇ.
ಅಗಲದ ತುದಿಗೆ ಚುಚ್ಚು, ಈಜಲು ಬಿಡು.
ಹಾಂ, ಬೆರಳಿಗೆ ಕಚ್ಚಿಕೊಳ್ಳುತ್ತದೆ.
ನಿನ್ನಿಂದ ಅದಕ್ಕಾದದ್ದೇ ಹೆಚ್ಚು.
ತಳ ಮುಟ್ಟಿಸು. ಗೇಣು ಎತ್ತು. ನಿಲ್ಲಿಸು.

ಕಚ್ಚಿದ್ದು ಗೊತ್ತೇ ಆಗುವುದಿಲ್ಲ.
ಒದ್ದೆ ಎಲೆ ತಗುಲಿದ ಹಾಗೆ. ದಾರ ಒಂಚೂರು ಭಾರ.
ಭಾರವೂ ಅಲ್ಲ, ಇದ್ದ ಭಾರ ಇಲ್ಲವಾದ ಹಾಗೆ.
ಕಲ್ಲೆಂದುಕೊಂಡೆಯೋ, ಹೋಯಿತು.
ಮೀನೆಂದು ಜಗ್ಗಿದೆಯೋ, ಆಗಲೂ ಹೋಯಿತು.
ದಾರ ಕೊಡು. ಒಂದು, ಎರಡು ಎಣಿಸು..."

ಇಲ್ಲಿ ಆಕೆಯ ಎಣಿಕೆ ತಪ್ಪಿತು.
ಜಿಗಣೆಗಳನ್ನು ತೊಟ್ಟಿಗೆ ಸುರಿದು
ಮೊದಲಿಂದ ಶುರುಮಾಡಿದಳು.

"ಓರ್ವಿಲ್ ಹಾಗೇ ಮಾತಾಡುತ್ತಿದ್ದ, ವಾಲೈ ಕಚ್ಚಿದಂತೆ.
ಕಾಫಿ ಚೆನ್ನಾಗಿದೆ ಅಂದರೆ
ಅದರೊಳಗೆ ಬೇರೇನೋ ಇರುತ್ತಿತ್ತು.
ನಾನು ಥಟ್ಟನೆ ಜಗ್ಗುವವಳು.
ಎಷ್ಟು ಸಲ ತಪ್ಪಿಸಿಕೊಂಡೆನೋ, ಲೆಕ್ಕವಿಟ್ಟಿಲ್ಲ.
ಹೋದ ಚಳಿಗಾಲ, ಆಸ್ಪತ್ರೆ. ಮಾತು ಹೋಗಿತ್ತು, ಬಲಗೈ ಹೋಗಿತ್ತು.
ಎಡಗೈ ಹಿಡಿದು ಕೂತಿದ್ದೆ, ಟೀವಿಯಲ್ಲಿ ಯಾವುದೋ ಹಾಕಿ ಆಟ.
ಎಲೆ ತಗುಲಿದ ಹಾಗಾಯಿತು.
ನರ್ಸು ಅಂದಳು, ಬರೀ ಸ್ನಾಯು, ತಾನಾಗಿ ಮಿಡುಕುತ್ತದೆ.
ನಾನು ಕೈ ಸಡಿಲ ಬಿಟ್ಟೆ.
ಒಂದು. ಎರಡು."

ಹುಡುಗ ಕಾದ. "ಆಮೇಲೆ?"

"ಆಮೇಲೇನು, ಏಳು ಡಾಲರು.
ಡಬ್ಬಿ ಬಿಸಿಲಲ್ಲಿಡಬೇಡ, ನೀರು ಬದಲಿಸುತ್ತಿರು.
ಆ ಚೀಟಿ ಕಿತ್ತುಹಾಕು."

ದೋಣಿಯ ಮೋಟಾರು ಎರಡು ಸಲ ಕೆಮ್ಮಿ ಹತ್ತಿಕೊಂಡಿತು.
ಒಳಕೋಣೆಯಲ್ಲಿ ಚಮಚ ಕಪ್ಪಿಗೆ ತಗುಲಿತು,
ಒಂದೇ ಸಲ, ಮೆಲ್ಲಗೆ.
ಇರ್ಯಾ ತಕ್ಷಣ ತಿರುಗಲಿಲ್ಲ.